ಪುಕ್ಕಟೆ ಲೈಸೆನ್ಸಿನ ಮೂರು ವರ್ಷ

1998ರ ಸೆಪ್ಟೆಂಬರ್ ಹೊತ್ತಿಗೆ ಲಿನಕ್ಸ್ ಕಾರ್ಯಾಚರಣ ವ್ಯವಸ್ಥೆಯ ತಿರುಳಾದ ಕರ್ನಲ್ ಕಟ್ಟುತ್ತಿದ್ದವರ ನಡುವೆ ಮಾತು ಬಿಗಡಾಯಿಸಿತ್ತು. ಕರ್ನಲ್‌ಗೆ ಏನಾದರೂ ಸೇರಿಸಬೇಕೆನ್ನುವವರು ಬದಲಾದ ಸಾಲುಗಳನ್ನಷ್ಟೇ ಆರಿಸಿ, ಪ್ಯಾಚ್ ಎಂಬ ಕಡತ ಮಾಡಿ, ಇಮೇಲಿನಲ್ಲಿ ಕಳಿಸುತ್ತಿದ್ದರು. ಲೈನಸ್ ಟೊರ್ವಾಲ್ಡ್ಸ್ ಅದನ್ನು ಓದಿ, ಮನಸ್ಸಿಗೆ ಬಂದರೆ ತಮ್ಮ ಪ್ರತಿಗೆ ಸೇರಿಸುತ್ತಿದ್ದರು. 1991ರಲ್ಲಿ ಹೆಲ್ಸಿಂಕಿಯಲ್ಲಿ ವಿದ್ಯಾರ್ಥಿಯಾಗಿದ್ದ ಅವರು ಲಿನಕ್ಸ್ ಶುರು ಮಾಡಿದಾಗ ಈ ಕ್ರಮ ಸಾಕಾಗಿತ್ತು. ಏಳು ವರ್ಷ ಕಳೆಯುವಷ್ಟರಲ್ಲಿ ಪ್ಯಾಚ್‌ಗಳು ಎಲ್ಲಿ ಹೋದವೆಂದೇ ತಿಳಿಯದಂತಾಯಿತು. ಸೇರಿತೋ, ತಿರಸ್ಕೃತವಾಯಿತೋ, ಓದಿಯೇ ಇಲ್ಲವೋ ಹೇಳುವವರಿರಲಿಲ್ಲ. ಅದೇ ಪ್ಯಾಚನ್ನು ಹೊಸ ಆವೃತ್ತಿಗೆ ಹೊಂದಿಸಿ ಮತ್ತೆ ಮತ್ತೆ ಕಳಿಸುವುದೇ ಒಂದು ಕೆಲಸವಾಯಿತು. ಡೇವಿಡ್ ಮಿಲ್ಲರ್ ನೋಡಿಕೊಳ್ಳುತ್ತಿದ್ದ ಇನ್ನೊಂದು ಪ್ರತಿ ವಿಗರ್ ಎಂಬ ಸರ್ವರಿನಲ್ಲಿತ್ತು. ಅಲ್ಲಿಗೆ ಸೇರಿದ್ದು ಲೈನಸ್‌ಗೂ ತಲುಪಿತೆಂದು ಹಲವರು ಭಾವಿಸಿದ್ದರು. ತಲುಪಿರಲಿಲ್ಲ. ಜಗಳ ಹೆಚ್ಚಿದಾಗ ಲೈನಸ್ ರೇಗಿ ಕೆಲ ದಿನ ದೂರವೇ ಉಳಿದರು. ಒಬ್ಬ ಮನುಷ್ಯನ ದಿನಕ್ಕೆ ಎಷ್ಟು ಗಂಟೆ ಇದೆಯೋ ಅಷ್ಟೇ ವೇಗದಲ್ಲಿ ಕರ್ನಲ್ ಬೆಳೆಯಬಲ್ಲದು ಎಂಬುದು ಆಗ ಎಲ್ಲರಿಗೂ ಕಂಡಿತು.

ಆ ಜಗಳದ ನಡುವೆ ಪರಿಹಾರ ಹಿಡಿದು ಬಂದವರು ಲ್ಯಾರಿ ಮೆಕ್‌ವಾಯ್. ಸನ್ ಮೈಕ್ರೋಸಿಸ್ಟಮ್ಸ್‌ನಲ್ಲಿದ್ದಾಗ ಅವರು ಮಾಡಿದ್ದ ಕೆಲಸದಿಂದ ಟೀಮ್‌ವೇರ್ ಎಂಬ ವ್ಯವಸ್ಥೆ ಬೆಳೆದಿತ್ತು. ಸೋರ್ಸ್ ಕೋಡಿನಲ್ಲಿ ಯಾರು, ಯಾವಾಗ, ಏನನ್ನು ಬದಲಿಸಿದರೆಂಬ ಲೆಕ್ಕ ಇಡುವುದು ಅದರ ಕೆಲಸ. ಇಂಥ ಲೆಕ್ಕ ಇಡುವ ಸಾಧನಗಳು ಮೊದಲೂ ಇದ್ದವು. ಮುಕ್ತ ತಂತ್ರಾಂಶದ ಲೋಕದಲ್ಲಿ ಸಿವಿಎಸ್ ಬಳಕೆಯಲ್ಲಿತ್ತು. ಆದರೆ ಸಿವಿಎಸ್‌ನಲ್ಲಿ ಲೆಕ್ಕದ ಪುಸ್ತಕ ಒಂದೇ. ಅದು ಇರುವುದು ನಡುವಿನ ಒಂದು ಸರ್ವರಿನಲ್ಲಿ, ಬರೆಯುವ ಹಕ್ಕು ಕೆಲವರಿಗಷ್ಟೇ. ಮೆಕ್‌ವಾಯ್ ಮನಸ್ಸಿನಲ್ಲಿದ್ದದ್ದು ಬೇರೆ. ಪ್ರತಿಯೊಬ್ಬರ ಬಳಿಯೂ ಪೂರ್ತಿ ಇತಿಹಾಸವಿರುವ ಪ್ರತಿ ಇರಬೇಕು. ಅವರವರು ಅವರವರಲ್ಲೇ ಕೆಲಸ ಮಾಡಿಕೊಂಡು, ಬೇಕಾದಾಗ ಒಬ್ಬರ ಇತಿಹಾಸವನ್ನು ಇನ್ನೊಬ್ಬರದಕ್ಕೆ ಬೆಸೆಯಬೇಕು. ಹಾಗಾದರೆ ಲೈನಸ್ ಪ್ಯಾಚ್‌ಗಳನ್ನು ಒಂದೊಂದಾಗಿ ಹೊಂದಿಸಬೇಕಿಲ್ಲ. ನೆಟ್‌ವರ್ಕಿಂಗ್ ಭಾಗ ನೋಡುವವರ ಪ್ರತಿಯಿಂದ ಅವರ ವಾರದ ಕೆಲಸವನ್ನೆಲ್ಲ ಒಟ್ಟಿಗೇ ಎಳೆದುಕೊಳ್ಳಬಹುದು.

ಅದಕ್ಕಾಗಿಯೇ ಅವರು ಬಿಟ್‌ಮೂವರ್ ಎಂಬ ಕಂಪನಿ ಕಟ್ಟಿದರು. ಸಾಧನದ ಹೆಸರು ಬಿಟ್‌ಕೀಪರ್, ಮೊದಲ ಬಿಡುಗಡೆ 2000ದ ಮೇ ತಿಂಗಳಲ್ಲಿ. ಮೆಕ್‌ವಾಯ್ ಅವರನ್ನು ಈ ಕಥೆಯ ಖಳನಾಗಿ ಚಿತ್ರಿಸುವ ರೂಢಿ ಮುಂದೆ ಬಂತು. ನಾನು ಅದನ್ನು ಒಪ್ಪುವುದಿಲ್ಲ. ಲೈನಸ್ ಈ ಭಾರದಲ್ಲಿ ಕುಸಿದುಬಿಡಬಾರದು ಎಂಬ ಅವರ ಕಾಳಜಿ ನಿಜವಾದದ್ದು. ಹತ್ತಾರು ಎಂಜಿನಿಯರುಗಳಿಗೆ ಸಂಬಳ ಕೊಡಬೇಕಾದ ಕಂಪನಿಯ ಚಿಂತೆಯೂ ಅಷ್ಟೇ ನಿಜ. ಆ ಎರಡನ್ನೂ ಒಂದೇ ಕಾಗದದ ಮೇಲೆ ಕೂಡಿಸಲು ಹೊರಟಾಗ ತೊಡಕು ಶುರುವಾಯಿತು. ಆ ಕಾಗದವೇ ಬಿಟ್‌ಕೀಪರಿನ ಲೈಸೆನ್ಸು.

ಲೈನಸ್ ತಕ್ಷಣ ಒಪ್ಪಿಕೊಳ್ಳಲಿಲ್ಲ. 2002ರ ಜನವರಿ ಕೊನೆಗೆ ಅದೇ ಹಳೆಯ ಅಸಮಾಧಾನ ಮತ್ತೆ ಭುಗಿಲೆದ್ದಿತು. ಸಣ್ಣಪುಟ್ಟ ಪ್ಯಾಚ್‌ಗಳನ್ನು ಒಟ್ಟುಗೂಡಿಸಿ ಲೈನಸ್‌ಗೆ ದಾಟಿಸಲು ಒಬ್ಬರನ್ನು ನೇಮಿಸಿ ಎಂದು ರಾಬ್ ಲ್ಯಾಂಡ್ಲಿ ಬಹಿರಂಗವಾಗಿ ಬರೆದರು. ಲೈನಸ್ ಆ ಸಲಹೆಯನ್ನು ತಳ್ಳಿಹಾಕಿದರು. ಆದರೆ ಒಂದೆರಡು ವಾರದೊಳಗೆ, ಫೆಬ್ರುವರಿಯಲ್ಲಿ, ತಾವು ಬಿಟ್‌ಕೀಪರ್ ಬಳಸಲು ತೊಡಗಿರುವುದಾಗಿ ಹೇಳಿದರು. 2.5.4ರ ಮೊದಲ ಪೂರ್ವಾವೃತ್ತಿ ಆ ಹೊಸ ದಾರಿಯಲ್ಲಿ ಹೊರಬಂತು.

ಲೈಸೆನ್ಸಿನ ಕರಾರು ಮೇಲುನೋಟಕ್ಕೆ ಉದಾರವಾಗಿಯೇ ಇತ್ತು. ಕಂಪನಿಗಳು ಹಣ ಕೊಟ್ಟು ಕೊಳ್ಳಬೇಕು, ಮುಕ್ತ ತಂತ್ರಾಂಶ ಬರೆಯುವವರಿಗೆ ಪುಕ್ಕಟೆ. ಅದಕ್ಕೆ ಪ್ರತಿಯಾಗಿ, ಏನೇನು ಬದಲಾವಣೆ ಆಯಿತೆಂಬ ದಾಖಲೆ ಎಲ್ಲರಿಗೂ ಕಾಣುವ ಸರ್ವರ್ ಒಂದಕ್ಕೆ ಹೋಗಬೇಕು. ಪುಕ್ಕಟೆ ಪ್ರತಿಯನ್ನು ಗುಟ್ಟಾಗಿ ವ್ಯಾಪಾರಕ್ಕೆ ಬಳಸುವವರನ್ನು ತಡೆಯುವ ಉಪಾಯ ಅದು. ಬಿಟ್‌ಕೀಪರಿನ ಸೋರ್ಸ್ ಕೋಡ್ ಮಾತ್ರ ಮುಕ್ತವಾಗಿರಲಿಲ್ಲ.

ಕರ್ನಲಿನ ಲೈಸೆನ್ಸೂ ಅದರ ಲೆಕ್ಕದ ಪುಸ್ತಕದ ಲೈಸೆನ್ಸೂ ಒಂದಕ್ಕೊಂದು ತದ್ವಿರುದ್ಧವಾಗಿದ್ದವು. ಕರ್ನಲ್ ಇರುವುದು ಜಿಪಿಎಲ್ ಎಂಬ ಮುಕ್ತ ಲೈಸೆನ್ಸಿನ ಎರಡನೇ ಆವೃತ್ತಿಯಡಿ. ಬರೆದವರ ಹಕ್ಕು ಬರೆದವರಲ್ಲೇ ಉಳಿಯುತ್ತದೆ. ಸಾವಿರಾರು ಜನರ ಒಪ್ಪಿಗೆ ಇಲ್ಲದೆ ಯಾರೂ, ಲೈನಸ್ ಕೂಡ, ಅದರ ಕರಾರು ಬದಲಿಸಲಾರರು. ಇಷ್ಟು ಭದ್ರವಾದ ಕೋಡಿನ ದಿನದಿನದ ನಡೆಯನ್ನು ಬರೆದಿಡುವ ಪುಸ್ತಕ ಒಂದು ಕಂಪನಿ ಮುಂದಿನ ಆವೃತ್ತಿಯಲ್ಲೇ ಬದಲಿಸಬಹುದಾದ ಕರಾರಿಗೆ ಒಳಪಟ್ಟಿತ್ತು. ಪಕ್ಕದ ಮನೆಯ ಬಾವಿಯಿಂದ ನೀರು ತಂದ ಹಾಗೆ: ನೀರಿಗೆ ಕಾಸಿಲ್ಲ, ಹಗ್ಗ ಮಾತ್ರ ಆ ಮನೆಯವರ ಕೈಯಲ್ಲಿ.

ಇದನ್ನು ಆಗಲೇ ಕಂಡವರಿದ್ದರು. ಮುಕ್ತ ತಂತ್ರಾಂಶ ಚಳವಳಿಯ ರಿಚರ್ಡ್ ಸ್ಟಾಲ್‌ಮನ್ ಬಲವಾಗಿ ಆಕ್ಷೇಪಿಸಿದರು. ಅವರ ಆಕ್ಷೇಪ ತತ್ತ್ವದ್ದೆಂದು ಹಲವರು ಬದಿಗಿಟ್ಟರು. ಆದರೆ ಅಲನ್ ಕಾಕ್ಸ್ ಹಾಗೆ ಬದಿಗಿಡಬಹುದಾದ ಮನುಷ್ಯರಲ್ಲ. ಆ ಕಾಲಕ್ಕೆ ಲೈನಸ್ ಬಿಟ್ಟರೆ ಕರ್ನಲ್ ಲೋಕದಲ್ಲಿ ದೊಡ್ಡ ಹೆಸರು ಅವರದೇ. ಅವರು ಬಿಟ್‌ಕೀಪರ್ ಮುಟ್ಟಲಿಲ್ಲ, ಪ್ಯಾಚ್‌ಗಳಲ್ಲೇ ಮುಂದುವರಿದರು. 2002ರ ಏಪ್ರಿಲ್‌ನಲ್ಲಿ ಇನ್ನೊಂದು ತಕರಾರು ಎದ್ದಿತು. ಬಿಟ್‌ಕೀಪರ್ ಹೇಗೆ ಬಳಸಬೇಕೆಂದು ಜೆಫ್ ಗಾರ್ಜಿಕ್ ಬರೆದ ಕೈಪಿಡಿ ಕರ್ನಲಿನ ದಾಖಲೆಗಳ ಜೊತೆಯಲ್ಲೇ ಸೇರಿಕೊಂಡಿತ್ತು. ಸ್ವಾಮ್ಯದ ಸರಕಿಗೆ ಅದು ಜಾಹೀರಾತು, ತೆಗೆಯಿರಿ ಎಂದು ಡೇನಿಯಲ್ ಫಿಲಿಪ್ಸ್ ಕೇಳಿದರು. ಲೈನಸ್ ತೆಗೆಯಲಿಲ್ಲ. ಕೆಲಸಕ್ಕೆ ಯಾವುದು ಚೆನ್ನಾಗಿದೆಯೋ ಅದನ್ನು ಬಳಸುತ್ತೇನೆ, ಬೇಡವೆನ್ನುವವರು ಹಳೆಯ ಹಾಗೆಯೇ ಪ್ಯಾಚ್ ಕಳಿಸಲಿ ಎಂಬುದು ಅವರ ನಿಲುವು.

ಆರು ತಿಂಗಳಿಗೆ ಹಗ್ಗ ಒಮ್ಮೆ ಬಿಗಿಯಿತು. 2002ರ ಅಕ್ಟೋಬರ್‌ನಲ್ಲಿ ಲೈಸೆನ್ಸಿನಲ್ಲಿದ್ದ ಹೊಸ ಷರತ್ತೊಂದು ಜನರ ಕಣ್ಣಿಗೆ ಬಿತ್ತು. ಬಿಟ್‌ಕೀಪರನ್ನು ಹೋಲುವ ಸಾಧನವನ್ನು ನೀವು ಅಥವಾ ನಿಮ್ಮ ಸಂಸ್ಥೆ ತಯಾರಿಸುತ್ತಿದ್ದರೆ ಪುಕ್ಕಟೆ ಪ್ರತಿ ನಿಮಗಿಲ್ಲ. ಆಗ ಸಿವಿಎಸ್‌ಗೆ ಬದಲಾಗಿ ಸಬ್‌ವರ್ಷನ್ ಎಂಬ ಮುಕ್ತ ಸಾಧನ ರೂಪುಗೊಳ್ಳುತ್ತಿತ್ತು. ಅದಕ್ಕೂ ಕರ್ನಲಿಗೂ ಎರಡಕ್ಕೂ ಕೋಡ್ ಬರೆಯುವವರು ಒಂದನ್ನು ಆರಿಸಿಕೊಳ್ಳಬೇಕಾಯಿತು. ಸಂಸ್ಥೆ ಎಂಬ ಮಾತು ಇನ್ನೂ ತೊಡಕಿನದು. ದೊಡ್ಡ ಕಂಪನಿಯ ಯಾವುದೋ ಮೂಲೆಯ ತಂಡ ಇಂಥ ಸಾಧನ ಮಾಡುತ್ತಿದ್ದರೆ ಇನ್ನೊಂದು ಕಟ್ಟಡದಲ್ಲಿ ಕೂತು ಕರ್ನಲ್ ಬರೆಯುವ ಉದ್ಯೋಗಿಗೂ ತಡೆ. ಒಬ್ಬ ಪ್ರೋಗ್ರಾಮರ್ ತನ್ನ ರಾತ್ರಿಗಳಲ್ಲಿ ಏನು ಬರೆಯಬಹುದೆಂದು ಒಂದು ಸಾಧನದ ಲೈಸೆನ್ಸು ನಿರ್ಧರಿಸತೊಡಗಿತು. ನನ್ನ ದೃಷ್ಟಿಯಲ್ಲಿ ಬಿಟ್‌ಕೀಪರ್ ವಿಚಾರದ ನಿಜವಾದ ತಿರುವು ಇದು. ಎರಡೂವರೆ ವರ್ಷದ ನಂತರದ ಗಲಾಟೆಯೆಲ್ಲ ಇದರ ಮುಂದುವರಿಕೆ.

ಕೆಲಸವೇನೋ ಭರದಿಂದ ಸಾಗಿತ್ತು. 2.5ರ ಸರಣಿ ಮಾಗಿ 2003ರ ಡಿಸೆಂಬರ್‌ನಲ್ಲಿ 2.6.0 ಹೊರಬಂತು. ಲೈನಸ್ ಆ ವರ್ಷವೇ ಲಿನಕ್ಸ್ ಬೆಳವಣಿಗೆಗೆ ನೆರವಾಗುತ್ತಿದ್ದ ಓಎಸ್‌ಡಿಎಲ್ ಸಂಸ್ಥೆ ಸೇರಿ ಪೂರ್ತಿ ಸಮಯ ಕರ್ನಲಿಗೆ ಕೊಡತೊಡಗಿದ್ದರು. ಟೀಕಾಕಾರರ ಬಾಯಿ ಮುಚ್ಚಿಸಲೆಂದು ಬಿಟ್‌ಮೂವರ್ 2003ರಲ್ಲಿ ಒಂದು ಹಾದಿ ಮಾಡಿಕೊಟ್ಟಿತು: ಬಿಟ್‌ಕೀಪರಿನಲ್ಲಿರುವ ಕರ್ನಲ್ ಇತಿಹಾಸ ಸಿವಿಎಸ್ ರೂಪದಲ್ಲಿಯೂ ಎಲ್ಲರಿಗೂ ಸಿಗುವಂತೆ. ಆದರೆ ಕವಲು ಕವಲಾಗಿ ಬೆಳೆದ ಇತಿಹಾಸವನ್ನು ಸಿವಿಎಸ್ ಒಂದೇ ನೇರ ಗೆರೆಯಾಗಿಸುತ್ತಿತ್ತು. ಯಾವ ಬದಲಾವಣೆ ಯಾರ ಪ್ರತಿಯಿಂದ, ಯಾವುದರ ಜೊತೆ ಬೆಸೆದು ಬಂತೆಂಬ ವಿವರ ಬಿಟ್‌ಕೀಪರ್ ಒಳಗೇ ಉಳಿಯುತ್ತಿತ್ತು. ಕೋಡ್ ನಿಮ್ಮದು, ಆದರೆ ಅದು ಹುಟ್ಟಿದ ಬಗೆಯ ಪೂರ್ಣ ಕಥೆ ಬೇಕೆಂದರೆ ನಮ್ಮ ಷರತ್ತಿಗೆ ಸಹಿ ಹಾಕಿ ಎಂದಂತಾಯಿತು.

ಇಲ್ಲಿಗೆ ಬಂದವರು ಆಂಡ್ರ್ಯೂ ಟ್ರಿಜೆಲ್. ಆಸ್ಟ್ರೇಲಿಯಾದ ಕ್ಯಾನ್‌ಬೆರಾದವರು. ಸಾಂಬಾ ಅವರ ಕೃತಿ. ವಿಂಡೋಸ್ ಯಂತ್ರಗಳು ತಮ್ಮತಮ್ಮಲ್ಲಿ ಕಡತ ಹಂಚಿಕೊಳ್ಳುವಾಗ ಆಡುವ ಮಾತನ್ನು ಹೊರಗಿನಿಂದ ಕೇಳಿಸಿಕೊಂಡು, ಅದರ ವ್ಯಾಕರಣ ಕಂಡುಹಿಡಿದು, ಲಿನಕ್ಸ್ ಕೂಡ ಆ ಮಾತು ಆಡುವಂತೆ ಮಾಡಿದ್ದರು. 2005ರಲ್ಲಿ ಅವರೂ ಓಎಸ್‌ಡಿಎಲ್ ನೌಕರಿಯಲ್ಲಿದ್ದರು. ಬಿಟ್‌ಕೀಪರಿನ ವಿಷಯದಲ್ಲೂ ಅದೇ ಕೆಲಸ ಮಾಡಲು ಹೊರಟರು. ಅವರು ಬಿಟ್‌ಕೀಪರ್ ಬಳಸಿದವರೇ ಅಲ್ಲ, ಹಾಗಾಗಿ ಅದರ ಕರಾರಿಗೆ ಸಹಿ ಹಾಕಿದವರೂ ಅಲ್ಲ. ಅವರ ವಿಧಾನ ಎಷ್ಟು ಸರಳವೆಂಬುದು ಆ ಏಪ್ರಿಲ್‌ನಲ್ಲಿ ಕ್ಯಾನ್‌ಬೆರಾದ ಲಿನಕ್ಸ್ ಸಮ್ಮೇಳನದಲ್ಲಿ ಎಲ್ಲರೆದುರು ಗೊತ್ತಾಯಿತು. ಟೆಲ್ನೆಟ್ ಎಂಬ ಹಳೆಯ ಸಾಧನದಿಂದ ಬಿಟ್‌ಕೀಪರ್ ಸರ್ವರಿಗೆ ಸಂಪರ್ಕ ಕಟ್ಟಿ, ಏನು ಟೈಪ್ ಮಾಡಲಿ ಎಂದು ಸಭೆಯನ್ನೇ ಕೇಳಿದರು. ‘ಹೆಲ್ಪ್’ ಎಂದು ಸಭಿಕರು ಕೂಗಿದರು. ಹೆಲ್ಪ್ ಎಂದು ಬರೆದೊಡನೆ ಸರ್ವರ್ ತನಗೆ ಗೊತ್ತಿರುವ ಆದೇಶಗಳನ್ನೆಲ್ಲ ತಾನೇ ಪಟ್ಟಿ ಮಾಡಿ ಕೊಟ್ಟಿತು.

ಆ ಸಮ್ಮೇಳನಕ್ಕೆ ಮೊದಲೇ ಸಂಬಂಧ ಮುರಿದಿತ್ತು. ಟ್ರಿಜೆಲ್ ಅವರ ಪ್ರಯತ್ನ ತಿಳಿದ ಮೆಕ್‌ವಾಯ್ ಅದು ನಿಲ್ಲಬೇಕೆಂದು ಪಟ್ಟು ಹಿಡಿದರು. ವಾರಗಟ್ಟಲೆ ಮಾತುಕತೆ ನಡೆದು, ಲೈನಸ್ ನಡುವೆ ನಿಂತು ರಾಜಿಗೆ ಯತ್ನಿಸಿದರೂ ಕೂಡಿಬರಲಿಲ್ಲ. ಏಪ್ರಿಲ್ ಮೊದಲ ವಾರ ಬಿಟ್‌ಮೂವರ್ ಪುಕ್ಕಟೆ ಬಿಟ್‌ಕೀಪರನ್ನು ಹಿಂತೆಗೆದುಕೊಳ್ಳುವುದಾಗಿ ಸಾರಿತು. ಲೈನಸ್ ಸಿಟ್ಟಾದದ್ದು ಟ್ರಿಜೆಲ್ ಮೇಲೆ. ಚೆನ್ನಾಗಿ ನಡೆಯುತ್ತಿದ್ದುದನ್ನು ಕೆಡಿಸಿದಿರಿ, ಬದಲಿಗೆ ಏನನ್ನೂ ಕೊಡಲಿಲ್ಲ ಎಂಬುದು ಅವರ ದೂರು. ಅವರ ಬೇಸರ ಅರ್ಥವಾಗುತ್ತದೆ. ಆದರೂ ನ್ಯಾಯ ಟ್ರಿಜೆಲ್ ಕಡೆಗಿತ್ತೆಂದೇ ನನ್ನ ಅಭಿಪ್ರಾಯ. ಒಬ್ಬ ಮನುಷ್ಯ ಟೆಲ್ನೆಟ್ ಹಿಡಿದ ಮಾತ್ರಕ್ಕೆ ಕುಸಿಯುವಂಥ ಏರ್ಪಾಡು ಇಂದಲ್ಲ ನಾಳೆ ಬೇರೆ ಕಾರಣಕ್ಕೆ ಕುಸಿಯುತ್ತಿತ್ತು. ಕಂಪನಿ ಮಾರಾಟವಾಗಬಹುದಿತ್ತು, ದಿವಾಳಿಯಾಗಬಹುದಿತ್ತು.

ಏಪ್ರಿಲ್ 3ರಂದು ಲೈನಸ್ ಕರ್ನಲ್ ಕೆಲಸ ಬದಿಗಿಟ್ಟು ಹೊಸ ಸಾಧನ ಬರೆಯಲು ಕೂತರು. 6ರಂದು, ಬಿಟ್‌ಕೀಪರಿನಿಂದ ಹೊರಬರುತ್ತಿರುವುದಾಗಿ ಎಲ್ಲರಿಗೂ ಬರೆದರು. ಮುಕ್ತ ಸಾಧನಗಳಲ್ಲಿ ಮಾನೊಟೋನ್ ಅವರಿಗೆ ಹಿಡಿಸಿತ್ತು, ಆದರೆ ತೀರ ನಿಧಾನ. ಆಗ ಇದ್ದ ವ್ಯವಸ್ಥೆಗಳಲ್ಲಿ ಒಂದು ಪ್ಯಾಚ್ ಸೇರಿಸಲು ಅರ್ಧ ನಿಮಿಷ ಹಿಡಿಯಬಹುದಿತ್ತು. ಹಲವರ ಪ್ಯಾಚ್‌ಗಳನ್ನು ಒಟ್ಟುಗೂಡಿಸಿ ಕಳಿಸುತ್ತಿದ್ದ ಆಂಡ್ರ್ಯೂ ಮಾರ್ಟನ್ ಅಂಥವರಿಂದ ಒಮ್ಮೆಗೇ ಇನ್ನೂರೈವತ್ತು ಪ್ಯಾಚ್ ಬಂದರೆ ಗಂಟೆಗಳೇ ಹೋಗುತ್ತವೆ. ತಮಗೆ ಒಂದಕ್ಕೆ ಮೂರು ಸೆಕೆಂಡಿಗಿಂತ ಹೆಚ್ಚು ತಗಲಬಾರದು ಎಂದು ಲೈನಸ್ ಗುರಿ ಇಟ್ಟುಕೊಂಡರು. ಏಪ್ರಿಲ್ 7ರಂದು ಗಿಟ್ ಎಂದು ಹೆಸರಿಟ್ಟ ಆ ಹೊಸ ಸಾಧನ ತನ್ನ ಕೋಡನ್ನು ತಾನೇ ದಾಖಲಿಸಿಕೊಳ್ಳುವ ಹಂತ ಮುಟ್ಟಿತು. ಆ ಮೊದಲ ಆವೃತ್ತಿ ಸಿ ಭಾಷೆಯ ಸುಮಾರು ಸಾವಿರ ಸಾಲು, ಅಷ್ಟೇ.

ಆ ಸಾವಿರ ಸಾಲಿನಲ್ಲಿದ್ದ ಆಲೋಚನೆ ಮಾತ್ರ ಗಟ್ಟಿ. ಬಿಟ್‌ಕೀಪರಿನಿಂದ ಲೈನಸ್ ಕಲಿತದ್ದು ಹಂಚಿಹೋದ ಪ್ರತಿಗಳ ಕ್ರಮವನ್ನು. ಅದನ್ನು ಅವರು ಎಂದೂ ಬಚ್ಚಿಟ್ಟಿಲ್ಲ. ಒಳಗಿನ ರಚನೆ ಮಾತ್ರ ಬೇರೆ. ಗಿಟ್ ಕಡತದ ಒಳಗಿರುವುದನ್ನು ಎಸ್‌ಎಚ್‌ಎ-1 ಎಂಬ ಗಣಿತದ ಜರಡಿಗೆ ಹಾಕಿ ನಲವತ್ತು ಅಕ್ಷರದ ಗುರುತು ತೆಗೆಯುತ್ತದೆ, ಆ ಗುರುತಿನಲ್ಲೇ ಅದನ್ನು ಇಡುತ್ತದೆ. ಕಡತಗಳ ಗುರುತು ಸೇರಿ ಇಡೀ ಮರದ ಗುರುತು. ಮರದ ಗುರುತೂ ಹಿಂದಿನ ಹೆಜ್ಜೆಯ ಗುರುತೂ ಸೇರಿ ಈ ಹೆಜ್ಜೆಯ ಗುರುತು. ಹತ್ತು ವರ್ಷ ಹಿಂದಿನ ಒಂದು ಅಕ್ಷರ ತಿದ್ದಿದರೂ ಅಲ್ಲಿಂದ ಇಲ್ಲಿಯವರೆಗಿನ ಗುರುತುಗಳೆಲ್ಲ ಬದಲಾಗಿ ಸುಳ್ಳು ಬಯಲಾಗುತ್ತದೆ. ಹೀಗಾಗಿ ಇತಿಹಾಸ ಸಾಚಾ ಎನ್ನಲು ಯಾವ ಸರ್ವರಿನ, ಯಾವ ಕಂಪನಿಯ ಸಾಕ್ಷಿಯೂ ಬೇಕಿಲ್ಲ. ಯಾರ ಬಳಿ ಪ್ರತಿ ಇದೆಯೋ ಅವರೇ ಪರೀಕ್ಷಿಸಿಕೊಳ್ಳಬಹುದು.

ಏಪ್ರಿಲ್ 16ರಂದು ಕರ್ನಲ್ ಗಿಟ್‌ಗೆ ಬಂತು. ಆವೃತ್ತಿ 2.6.12-ಆರ್‌ಸಿ2. ಹಿಂದಿನ ಇತಿಹಾಸವನ್ನು ಲೈನಸ್ ಜೊತೆಗೆ ತರಲಿಲ್ಲ. ಅದು ತಮ್ಮ ಬಳಿ ಇದೆ, ಆದರೆ ಗಿಟ್‌ಗೆ ಹಾಕಿದರೆ 3.2 ಜಿಬಿ ಆಗುತ್ತದೆ, ಹೊಸ ಸಾಧನಕ್ಕೆ ಈಗಲೇ ಆ ಭಾರ ಬೇಡ, ಬೇಕಾದರೆ ಮುಂದೆ ಪ್ರತ್ಯೇಕವಾಗಿ ಮಾಡಿಕೊಳ್ಳೋಣ ಎಂದು ಆ ಮೊದಲ ದಾಖಲೆಯಲ್ಲೇ ಬರೆದಿಟ್ಟರು. ಥಾಮಸ್ ಗ್ಲೈಕ್ಸ್‌ನರ್ ಬಳಿಕ ಬಿಟ್‌ಕೀಪರ್ ಕಾಲದ ಇತಿಹಾಸವನ್ನು ಬೇರೆಯೇ ಗಿಟ್ ಭಂಡಾರವಾಗಿ ಸಿದ್ಧಪಡಿಸಿದರು. ಮುಖ್ಯ ಭಂಡಾರದಲ್ಲಿ ಮಾತ್ರ ಆ ಸೀಳು ಹಾಗೆಯೇ ಇದೆ. ಕರ್ನಲಿನ ಹಳೆಯ ಸಾಲೊಂದನ್ನು ಬರೆದವರು ಯಾರೆಂದು ಇಂದು ಗಿಟ್‌ಗೆ ಕೇಳಿದರೆ, ನಿಜವಾಗಿ ಬರೆದವರು ಯಾರೇ ಆಗಿರಲಿ, ಲೈನಸ್ ಹೆಸರೂ 2005ರ ಏಪ್ರಿಲ್ 16ರ ತಾರೀಖೂ ಬರುತ್ತವೆ. ನೂರಾರು ಜನರ ಹೆಸರುಗಳು ಆ ಒಂದು ದಿನದ ಹಿಂದೆ ನಿಂತಿವೆ. ಲೈಸೆನ್ಸು ಬದಲಾದಾಗ ನಷ್ಟದ ಲೆಕ್ಕವನ್ನು ಹಣದಲ್ಲಿ ಹಾಕುವವರು ಇದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಜೂನ್‌ನಲ್ಲಿ 2.6.12 ಗಿಟ್‌ನಿಂದಲೇ ಬಿಡುಗಡೆಯಾಯಿತು. ಜುಲೈ ಕೊನೆಗೆ ಲೈನಸ್ ಗಿಟ್ ಹೊಣೆಯನ್ನು ಜುನಿಯೊ ಹಮಾನೊ ಅವರಿಗೆ ವಹಿಸಿದರು. ಅವರು ಇಂದಿಗೂ ಅದನ್ನು ಹೊತ್ತಿದ್ದಾರೆ. ಬಿಟ್‌ಕೀಪರಿನ ಅದೇ ಸುದ್ದಿ ಕೇಳಿ ಮ್ಯಾಟ್ ಮ್ಯಾಕಲ್ ಕೂಡ ಆ ಏಪ್ರಿಲ್‌ನಲ್ಲೇ ಮರ್ಕ್ಯುರಿಯಲ್ ಎಂಬ ಸಾಧನ ಆರಂಭಿಸಿದ್ದರು. ಒಂದು ಲೈಸೆನ್ಸು ಹಿಂದೆ ಸರಿದ ತಿಂಗಳಲ್ಲಿ ಎರಡು ಮುಕ್ತ ಸಾಧನಗಳು ಹುಟ್ಟಿದವು.

ಬಿಟ್‌ಕೀಪರ್ ಬಳಸುತ್ತಿದ್ದ ಇನ್ನೊಂದು ದೊಡ್ಡ ಯೋಜನೆ ಮೈಎಸ್‌ಕ್ಯೂಎಲ್ 2008ರಲ್ಲಿ ಬಜಾರ್ ಎಂಬ ಮುಕ್ತ ಸಾಧನಕ್ಕೆ ಹೊರಳಿತು. ಅದೇ ವರ್ಷ ಗಿಟ್ ಭಂಡಾರಗಳನ್ನು ಇಡುವ ಜಾಲತಾಣ ಗಿಟ್‌ಹಬ್ ತೆರೆಯಿತು. ಬಿಟ್‌ಕೀಪರ್ ಅನ್ನು ಅಪಾಚೆ ಲೈಸೆನ್ಸಿನಡಿ ಪೂರ್ತಿ ಮುಕ್ತಗೊಳಿಸಿದ್ದು 2016ರ ಮೇ ತಿಂಗಳಲ್ಲಿ. 2002ರಲ್ಲೇ ಹಾಗೆ ಮಾಡಿದ್ದರೆ ಇಂದು ಬೆಂಗಳೂರಿನ ಯಾವ ಸಾಫ್ಟ್‌ವೇರ್ ಕಚೇರಿಗೆ ಹೋದರೂ ಕಿವಿಗೆ ಬೀಳುವ ಹೆಸರು ಗಿಟ್ ಆಗಿರುತ್ತಿರಲಿಲ್ಲವೇನೋ.

ಈ ಕಥೆ ಸುಖಾಂತವೆಂದು ಸಾಮಾನ್ಯವಾಗಿ ಹೇಳುತ್ತಾರೆ. ಹಾಗೆ ಹೇಳುವಾಗ ನನಗೆ ಒಂದು ಅಳುಕಿದೆ. ಬಿಟ್‌ಕೀಪರಿನ ಕೋಡ್ ಕೈಯಲ್ಲಿರಲಿಲ್ಲ, ಆದ್ದರಿಂದ ಅದನ್ನೇ ಕವಲೊಡೆದು ಮುಂದುವರಿಸುವ ದಾರಿ ಇರಲಿಲ್ಲ, ಮೊದಲಿನಿಂದ ಬರೆಯಬೇಕಾಯಿತು. ಬರೆಯಲು ಲೈನಸ್ ಇದ್ದರು. ಈಚಿನ ಲೈಸೆನ್ಸ್ ಜಗಳಗಳಲ್ಲಿ ಕೋಡಾದರೂ ಉಳಿಯುತ್ತದೆ. 2023ರ ಆಗಸ್ಟ್‌ನಲ್ಲಿ ಹ್ಯಾಶಿಕಾರ್ಪ್ ಕಂಪನಿ ತನ್ನ ಟೆರಾಫಾರ್ಮ್ ಸಾಧನದ ಲೈಸೆನ್ಸು ಬದಲಿಸಿದಾಗ ಹಳೆಯ ಕೋಡಿನಿಂದ ಓಪನ್‌ಟೋಫು ಎಂಬ ಕವಲು ಎದ್ದಿತು. 2024ರ ಮಾರ್ಚ್ 20ರಂದು ರೆಡಿಸ್ ಎಂಬ ಡೇಟಾಬೇಸ್ ತನ್ನ ಲೈಸೆನ್ಸು ಬದಲಿಸಿದರೆ, ಎಂಟು ದಿನದಲ್ಲಿ ಲಿನಕ್ಸ್ ಫೌಂಡೇಶನ್ ಆಸರೆಯಲ್ಲಿ ವಾಲ್‌ಕೀ ಎಂಬ ಕವಲು ಘೋಷಣೆಯಾಯಿತು. ಮರುವರ್ಷ ರೆಡಿಸ್ ತಾನೇ ಎಜಿಪಿಎಲ್ ಎಂಬ ಮುಕ್ತ ಲೈಸೆನ್ಸಿಗೆ ಬಂತು. ಅಲ್ಲಿ ಎದುರು ನಿಲ್ಲಲು ದೊಡ್ಡ ಕಂಪನಿಗಳ ಬೆಂಬಲವೂ ಇತ್ತು.

ಸಣ್ಣ ಯೋಜನೆಗಳಿಗೆ ಇಂಥ ಬೆಂಬಲ ಎಲ್ಲಿದೆ? ಸಂಜೆ ಬಿಡುವಿನಲ್ಲಿ ಇಬ್ಬರು ಮೂವರು ನಡೆಸುವ ಯೋಜನೆಗಳು ಇಂದಿಗೂ ಪುಕ್ಕಟೆ ಕೊಟ್ಟ ಸಾಧನಗಳ ಮೇಲೆಯೇ ನಿಂತಿವೆ. ಕೋಡ್ ಬದಲಾದಾಗಲೆಲ್ಲ ಅದನ್ನು ತಾನಾಗಿ ಪರೀಕ್ಷಿಸುವ ಟ್ರಾವಿಸ್ ಸಿಐ ಸೇವೆ ವರ್ಷಗಟ್ಟಲೆ ಮುಕ್ತ ಯೋಜನೆಗಳಿಗೆ ಉಚಿತವಾಗಿತ್ತು. 2020ರ ನವೆಂಬರ್‌ನಲ್ಲಿ ಅದರ ದರಪಟ್ಟಿ ಬದಲಾಗಿ ಉಚಿತಕ್ಕೆ ಮಿತಿ ಬಿತ್ತು. 2023ರ ಮಾರ್ಚ್‌ನಲ್ಲಿ ತಂತ್ರಾಂಶವನ್ನು ಪೊಟ್ಟಣ ಕಟ್ಟಿ ಹಂಚುವ ಸೇವೆ ನಡೆಸುವ ಡಾಕರ್ ಕಂಪನಿ, ತಂಡಗಳಿಗೆ ಕೊಟ್ಟಿದ್ದ ಉಚಿತ ಖಾತೆಗಳನ್ನು ಮುಚ್ಚುವುದಾಗಿ ಹೇಳಿ ಒಂದು ತಿಂಗಳ ಗಡುವು ಕೊಟ್ಟಿತು. ಪ್ರತಿಭಟನೆ ಜೋರಾದ ಮೇಲೆ ಹತ್ತೇ ದಿನದಲ್ಲಿ ಮಾತು ಹಿಂತೆಗೆದುಕೊಂಡಿತು. ಆ ಹತ್ತು ದಿನ ತಮ್ಮ ಕಡತಗಳನ್ನು ಎಲ್ಲಿಗೆ ಸಾಗಿಸುವುದೆಂದು ಪರದಾಡಿದವರು ಸಂಬಳವಿಲ್ಲದೆ ಕೆಲಸ ಮಾಡುವ ಜನ. ಟ್ರಾವಿಸ್ ಬಿಟ್ಟವರಲ್ಲಿ ಬಹಳಷ್ಟು ಮಂದಿ ಹೋದದ್ದು ಗಿಟ್‌ಹಬ್‌ನ ಪರೀಕ್ಷಾ ಸೇವೆಗೆ. 2018ರಲ್ಲಿ ಗಿಟ್‌ಹಬ್ ಅನ್ನು 750 ಕೋಟಿ ಡಾಲರಿಗೆ ಕೊಂಡ ಮೈಕ್ರೋಸಾಫ್ಟ್ ಆ ಸೇವೆಯನ್ನು ಮುಕ್ತ ಯೋಜನೆಗಳಿಗೆ ಪುಕ್ಕಟೆಯಾಗಿ ಕೊಡುತ್ತಿದೆ.